ಅವ್ವನ ಚೀಟಿ

ನನ್ನ ಕೆಲಸ ಏನೆಂದು ನನ್ನ ತಾಯಿಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ಮುಂಬಯಿಯ ಗ್ರಾಂಟ್ ರೋಡಿನ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಯಾರಾದರೂ ಕೇಳಿದರೆ, "ಅಂಧೇರಿಯಲ್ಲಿ ಮಕ್ಕಳನ್ನು ಆಡಿಸ್ತಾಳೆ" ಅನ್ನುತ್ತಾಳೆ. ಆಮೇಲೆ ನನಗೆ ಕೇಳಿಸುವಂತೆ, "ಅದಕ್ಕೆ ಇಷ್ಟೆಲ್ಲ ಓದಬೇಕಿತ್ತಾ ಮಾರಾಯ್ತಿ?" ಎಂದೂ ಸೇರಿಸುತ್ತಾಳೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಅವಳು ಹೇಳುವುದರಲ್ಲಿ ಸುಳ್ಳೇನೂ ಇಲ್ಲವಲ್ಲ. ಆಟಿಸಂ ಇರುವ ಪುಟ್ಟ ಮಕ್ಕಳ ಜೊತೆ ನೆಲದ ಮೇಲೆ ಕೂತು ಆಡುವುದೇ ನನ್ನ ಕೆಲಸ. ಆಟದ ನಡುವೆ ಒಂದೊಂದೇ ಸಣ್ಣ ಸಂಗತಿ ಕಲಿಸುವುದು. ನೀರು ಬೇಕಾದರೆ ಕೇಳುವುದು, ಸಾಕಾದರೆ ಸಾಕೆಂದು ತಿಳಿಸುವುದು, ಜೋಕಾಲಿಗೆ ಸರದಿ ಕಾಯುವುದು. ಬೇರೆ ಮಕ್ಕಳು ಯಾರೂ ಕಲಿಸದೆ ಎಲ್ಲಿಂದಲೋ ಎತ್ತಿಕೊಂಡುಬಿಡುವ ಇಂಥವನ್ನೆಲ್ಲ ಈ ಮಕ್ಕಳಿಗೆ ಚೂರು ಚೂರು ಮಾಡಿ, ಮತ್ತೆ ಮತ್ತೆ, ಬೇಸರಪಡದೆ ಕೊಡಬೇಕು.

ಬೇಸರಪಡದೆ ಎಂದು ಬರೆದೆ. ನಾನು ಸಿಡುಕಿ. ಮಕ್ಕಳ ಮೇಲೆ ಸಿಡುಕುವುದಿಲ್ಲ, ಆ ಪುಣ್ಯ ಇದೆ. ದೊಡ್ಡವರ ಮೇಲೆ ಧಾರಾಳವಾಗಿ ಸಿಡುಕುತ್ತೇನೆ. "ಗಂಡುಮಕ್ಕಳು ತಡವಾಗಿಯೇ ಮಾತಾಡೋದು" ಎಂದು ಸಮಾಧಾನ ಹೇಳುತ್ತ ವರ್ಷಗಟ್ಟಲೆ ಹಾಳು ಮಾಡುವ ನೆಂಟರ ಮೇಲೆ, "ಕಣ್ಣಲ್ಲಿ ಕಣ್ಣಿಟ್ಟು ನೋಡು" ಎಂದು ಮಗುವಿನ ಗದ್ದ ಹಿಡಿದು ತಿರುಗಿಸುವವರ ಮೇಲೆ, ಮೂರು ತಿಂಗಳಲ್ಲಿ ಸರಿ ಮಾಡಿಕೊಡುತ್ತೇನೆಂದು ಬೋರ್ಡು ಹಾಕಿಕೊಳ್ಳುವವರ ಮೇಲೆ. ಸರಿ ಮಾಡಲು ಮಗು ಏನು ಕೆಟ್ಟುಹೋದ ಮಿಕ್ಸರೇ?

ನಮ್ಮ ಸೆಂಟರಿನಲ್ಲಿ ನಡೆಯುವುದೆಲ್ಲ ಹಿಂದಿ, ಇಂಗ್ಲಿಷು. ಕನ್ನಡ ಬರುವವಳು ನಾನೊಬ್ಬಳೇ. ಅಪ್ಪ ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತು ನಮ್ಮನ್ನು ಬೆಳೆಸಿದವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಹಾಗಾಗಿ ಕುರ್ಲಾದ ಚಾಳೊಂದರಿಂದ ಹಿಂದಿ ಅಷ್ಟಾಗಿ ಬಾರದ ತಾಯಿಯೊಬ್ಬಳು ಮೂರು ವರ್ಷದ ಮಗನನ್ನು ಎತ್ತಿಕೊಂಡು ಬಂದು ನಿಂತಾಗ ಎಲ್ಲರೂ ನನ್ನ ಮುಖ ನೋಡಿದರು. ಲೋಕಲ್ ರೈಲಿನ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ದಾರಿಯುದ್ದಕ್ಕೂ ಕಿರುಚಿ ಹುಡುಗನ ದನಿಯೇ ಬಿದ್ದುಹೋಗಿತ್ತು. ಅವಳ ಕೊರಳ ಮೇಲೆ ಅವನ ಉಗುರಿನ ಗೀರುಗಳಿದ್ದವು. ಇವನನ್ನು ರೈಲಿನಲ್ಲಿ ಇಷ್ಟು ದೂರ ತರುವುದು ಆಗದ ಮಾತು, ನಾನೇ ಮನೆಗೆ ಹೋಗುತ್ತೇನೆ ಎಂದೆ.

ಹೀಗೆ ಅಂಧೇರಿಯಿಂದ ಮೆಟ್ರೋದಲ್ಲಿ ಘಾಟ್ಕೋಪರ್, ಅಲ್ಲಿಂದ ಲೋಕಲ್ ಹಿಡಿದು ಕುರ್ಲಾ, ಆಮೇಲೆ ಸ್ಟೇಷನ್ನಿನ ಜನದ ನಡುವೆ ದಾರಿ ಬಿಡಿಸಿಕೊಂಡು ಚಾಳಿಗೆ. ಲೇತ್ ಮಷೀನುಗಳ ಗಲ್ಲಿ ದಾಟಿ, ಕಬ್ಬಿಣದ ಏಣಿ ಹತ್ತಿದರೆ ಮಾಳಿಗೆಯ ಮೇಲೆ ಅವರ ಖೋಲಿ, ಒಂದೇ ಕೋಣೆ. ಗಂಡ ಕಟ್ಟಡಗಳ ಗೋಡೆಗೆ ಗಿಲಾವು ಬಳಿಯುವವನು, ಬೆಳಿಗ್ಗೆ ಹೋದರೆ ಮೈಯೆಲ್ಲ ಸಿಮೆಂಟು ಮಾಡಿಕೊಂಡು ಸಂಜೆಗೆ ಬರುವವನು. ವಿಜಯಪುರದ ಕಡೆಯವರು. ಅವಳ ಕನ್ನಡಕ್ಕೂ ನನ್ನದಕ್ಕೂ ಮೊದಲ ವಾರ ಹೊಂದಾಣಿಕೆಯೇ ಆಗಲಿಲ್ಲ. "ನೀವು ಪುಸ್ತಕದಾಗ ಬರದಂಗ ಮಾತಾಡ್ತೀರಿ ಅಕ್ಕಾರ," ಎಂದು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ನಕ್ಕರೆ ಅವಳು ಇನ್ನೂ ಕಾಲೇಜಿಗೆ ಹೋಗುವ ಹುಡುಗಿಯ ಹಾಗೆ ಕಾಣುತ್ತಿದ್ದಳು. ನಗುವುದು ಕಡಿಮೆ.

ಮೊದಲ ದಿನ ಹುಡುಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಗೆ ಒತ್ತಿಕೊಂಡು ಕೂತು ಸ್ಟೀಲಿನ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಗಿರಗಿರ ತಿರುಗಿಸುತ್ತಿದ್ದ. ಅದು ಸೋತು ಮಲಗುವಾಗ ಮಾಡುವ ಸದ್ದಿಗೆ ಕಿವಿ ಕೊಟ್ಟು, ಮತ್ತೆ ಎತ್ತಿ ತಿರುಗಿಸುತ್ತಿದ್ದ. ನಾನೂ ಇನ್ನೊಂದು ಮುಚ್ಚಳ ತೆಗೆದುಕೊಂಡು ಪಕ್ಕದಲ್ಲಿ ತಿರುಗಿಸುತ್ತ ಕೂತೆ. ಅವಳು ಒಲೆಯ ಹತ್ತಿರದಿಂದ ನೋಡಿದಳು. ಇಷ್ಟು ದೂರದಿಂದ ಬಂದ ಟೀಚರ್ ಡಬ್ಬಿ ಮುಚ್ಚಳ ಆಡಿಸುತ್ತಾಳಲ್ಲ ಎಂದು ಅವಳಿಗೆ ಅನಿಸಿರಬೇಕು. ನನ್ನ ತಾಯಿಯ ಮಾತು ನೆನಪಾಗಿ ನನಗೂ ನಗು ಬಂತು.

ಚಹಾ ಕೊಡುವಾಗ ಅವಳು ಒಂದು ಪ್ರಶ್ನೆ ಕೇಳಿದಳು. ಎಲ್ಲ ತಾಯಂದಿರೂ ಮೊದಲ ದಿನ ಒಂದೇ ಪ್ರಶ್ನೆ ಕೇಳುತ್ತಾರೆ: ಯಾವಾಗ ಮಾತಾಡುತ್ತಾನೆ? ಅದಕ್ಕೆ ನನ್ನ ಹತ್ತಿರ ಉತ್ತರ ತಯಾರಾಗಿತ್ತು. ಅವಳು ಕೇಳಿದ್ದು ಬೇರೆ.

"ಅಕ್ಕಾರ, ಇವ ನನ್ನ ಒಮ್ಮ್ಯಾರ ಕರೀತಾನೇನ್ರಿ?"

ಅರ್ಥವಾಗದೆ ಅವಳ ಮುಖ ನೋಡಿದೆ.

"ಮಾತು ಬರಲಿಲ್ಲಂದ್ರೂ ಅಡ್ಡಿ ಇಲ್ರಿ. ಅವಂಗ ನಾ ಬೇಕು ಅನ್ನೂದು ನಂಗ ಗೊತ್ತಾಗಬೇಕು. ಉಣಸ್ತೀನಿ, ತೊಳೀತೀನಿ, ಮಲಗಸ್ತೀನಿ. ಅದನ್ನ ಯಾರು ಮಾಡಿದ್ರೂ ಅವಂಗ ನಡೀತೈತಿ. ನನ್ನ ಕೈನೂ ಅಷ್ಟ, ಬ್ಯಾರೇರ ಕೈನೂ ಅಷ್ಟ."

ಮಾತು ಕೊಡಬಾರದು ಎಂಬುದು ನಮಗೆ ಮೊದಲು ಕಲಿಸುವ ಸಂಗತಿ. ನೋಡೋಣ ಎಂದೆ. ನೋಡೋಣ ಎಂಬ ಮಾತನ್ನು ನಾನು ಈ ಊರಿನ ಎಷ್ಟು ಮನೆಗಳಲ್ಲಿ ಬಿಟ್ಟು ಬಂದಿದ್ದೇನೋ.

ಮಾತು ಬಾರದ ಮಕ್ಕಳಿಗೆ ನಾವು ಚಿತ್ರದ ಕಾರ್ಡುಗಳನ್ನು ಕೊಡುತ್ತೇವೆ. ಬಿಸ್ಕತ್ತಿನ ಫೋಟೋ, ನೀರಿನ ಲೋಟದ ಫೋಟೋ, ಹೀಗೆ. ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿಸಿ, ಹಿಂದೆ ವೆಲ್ಕ್ರೋ ಪಟ್ಟಿ ಹಚ್ಚಿ, ಒಂದು ಗಟ್ಟಿ ರಟ್ಟಿನ ಪುಸ್ತಕಕ್ಕೆ ಅಂಟಿಸಿರುತ್ತೇವೆ. ಬಿಸ್ಕತ್ತು ಬೇಕಾದರೆ ಮಗು ಆ ಕಾರ್ಡನ್ನು ಕಿತ್ತು ಎದುರಿಗಿರುವವರ ಅಂಗೈಗೆ ಹಾಕಬೇಕು. ಅವರು ಕೂಡಲೇ ಬಿಸ್ಕತ್ತು ಕೊಡಬೇಕು. ಇಷ್ಟೇ. ಅವಳು ಆ ಕಾರ್ಡುಗಳಿಗೆ ಚೀಟಿ ಎಂದು ಹೆಸರಿಟ್ಟಳು, ಆಮೇಲೆ ನನಗೂ ಅದೇ ರೂಢಿಯಾಯಿತು.

ಇದರಲ್ಲಿ ಕಟ್ಟುನಿಟ್ಟಿನ ಮಾತು ಒಂದಿದೆ. ಶುರುವಿನ ದಿನಗಳಲ್ಲಿ ಮಗು ಚೀಟಿ ಕೊಟ್ಟರೆ ಕಾಯಿಸಬಾರದು, ಇಲ್ಲ ಅನ್ನಬಾರದು. ಊಟದ ಹೊತ್ತಾಯಿತು, ಆಮೇಲೆ ಕೊಡ್ತೀನಿ, ಇದ್ಯಾವುದೂ ನಡೆಯುವುದಿಲ್ಲ. ಜಗತ್ತಿನಲ್ಲಿ ಕೇಳಿದರೆ ಸಿಗುತ್ತದೆ ಎಂಬುದೇ ಆ ಮಗುವಿಗೆ ಹೊಸ ಸಂಗತಿ. ಕೊಟ್ಟ ಚೀಟಿಗೆ ಏನೂ ಸಿಗದಿದ್ದರೆ ಅದು ಇನ್ನೊಮ್ಮೆ ಕೊಡುತ್ತದೆ, ಇನ್ನೊಮ್ಮೆ ಕೊಡುತ್ತದೆ, ಆಮೇಲೆ ಬಿಟ್ಟುಬಿಡುತ್ತದೆ. ಒಮ್ಮೆ ಬಿಟ್ಟರೆ ಅದನ್ನು ಮತ್ತೆ ಹೊತ್ತಿಸುವುದು ಬಹಳ ಕಷ್ಟ. ಇದನ್ನು ಅವಳಿಗೆ ಹೇಳಿ ಹೇಳಿ ನನ್ನ ಬಾಯಿ ನೋಯಿತು. "ಆತ್ರಿ ಅಕ್ಕಾರ, ಕಾಯಿಸಂಗಿಲ್ಲ," ಎಂದು ಅವಳೂ ಪಾಠ ಒಪ್ಪಿಸುವವಳ ಹಾಗೆ ಹೇಳುತ್ತಿದ್ದಳು.

ಕಲಿಸಲು ಇಬ್ಬರು ಬೇಕು. ಅವಳು ಬಿಸ್ಕತ್ತು ಹಿಡಿದು ಎದುರಿಗೆ, ನಾನು ಹುಡುಗನ ಬೆನ್ನ ಹಿಂದೆ. ಅವನು ಬಿಸ್ಕತ್ತಿಗೆ ಕೈ ಚಾಚಿದ ಕೂಡಲೇ ನಾನು ಹಿಂದಿನಿಂದ, ಬಾಯಿ ಬಿಡದೆ, ಆ ಕೈಯನ್ನು ಚೀಟಿಯ ಮೇಲೆ ಇಟ್ಟು, ಕಿತ್ತು, ಅವಳ ಅಂಗೈ ಮುಟ್ಟಿಸಬೇಕು. ದಿನ ಕಳೆದಂತೆ ನನ್ನ ಕೈ ಹಿಂದೆ ಸರಿಯಬೇಕು. ಮೊಣಕೈಗೆ, ಭುಜಕ್ಕೆ, ಆಮೇಲೆ ಇಲ್ಲವೇ ಇಲ್ಲ. ನನ್ನ ಕೈ ಇರುವ ತನಕ ಅದು ನಾನು ಕೇಳಿದ್ದು, ಅವನು ಕೇಳಿದ್ದಲ್ಲ.

ಅವನು ತಾನಾಗಿ ಕೇಳಿದ ದಿನ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಆಗತಾನೇ ಚಪ್ಪಲಿ ಕಳಚುತ್ತಿದ್ದೆ, ಪಾಠ ಶುರುವಾಗಿರಲೇ ಇಲ್ಲ. ಮೂಲೆಯಿಂದ ವೆಲ್ಕ್ರೋ ಕಿತ್ತ ಚರ್ರ್ ಎಂಬ ಸದ್ದು ಬಂತು. ಹುಡುಗ ಎದ್ದು ಬಂದು, ಅವಳ ಮುಖ ನೋಡದೆ, ಜೋಳದ ಹಿಟ್ಟು ಮೆತ್ತಿದ ಅವಳ ಅಂಗೈಯಲ್ಲಿ ಬಿಸ್ಕತ್ತಿನ ಚೀಟಿ ಇಟ್ಟ. ಅವಳು ಚೀಟಿಯನ್ನೇ ನೋಡುತ್ತ ಅಳುವುದಕ್ಕೆ ಶುರು ಮಾಡಿದಳು.

"ಮೊದಲು ಕೊಡಿ! ಆಮೇಲೆ ಅಳಿ!" ಎಂದು ಗದರಿದೆ.

ಗಡಿಬಿಡಿಯಲ್ಲಿ ಡಬ್ಬಿಯನ್ನೇ ಉರುಳಿಸಿ, ಹಿಟ್ಟಿನ ಕೈಯಲ್ಲೇ ಬಿಸ್ಕತ್ತು ಕೊಟ್ಟಳು. ತವೆಯ ಮೇಲಿನ ರೊಟ್ಟಿ ಹೊತ್ತಿಹೋಯಿತು. ಆ ವಾಸನೆಯಲ್ಲಿ ನಾವಿಬ್ಬರೂ ಮೂರ್ಖರ ಹಾಗೆ ನಗುತ್ತ, ಅಳುತ್ತ ಕೂತೆವು. ಹುಡುಗನಿಗೆ ನಮ್ಮ ಗೊಡವೆ ಇರಲಿಲ್ಲ. ಅವನು ಬಿಸ್ಕತ್ತು ತಿಂದು ಮುಗಿಸಿ ಇನ್ನೊಮ್ಮೆ ಚೀಟಿ ಕಿತ್ತ.

ಅದಾದ ಮೇಲೆ ಆ ಖೋಲಿಯಲ್ಲಿ ಚರ್ರ್ ಎನ್ನುವ ಸದ್ದು ಹೆಚ್ಚಾಯಿತು. ನೀರು, ಮುಚ್ಚಳ, ಸೋಪಿನ ಗುಳ್ಳೆ, ಸೀರೆಯ ಜೋಕಾಲಿ. ಪುಸ್ತಕ ತುಂಬುತ್ತ ಬಂತು. ಸದ್ದು ಕೇಳಿದರೆ ಸಾಕು, ಅವಳು ಪಾತ್ರೆ ತೊಳೆಯುತ್ತಿರಲಿ, ಬಟ್ಟೆ ಒಣಗಿಸುತ್ತಿರಲಿ, "ಏನಪಾ, ಏನ ಬೇಕ ನನ್ನ ರಾಜಾಗ?" ಎಂದು ಓಡಿ ಬರುತ್ತಿದ್ದಳು. ಅವಳಷ್ಟು ಚುರುಕಾಗಿ ಓಡಿ ಬರುವ ತಾಯಿಯನ್ನು ನಾನು ಬೇರೆ ಕಂಡಿಲ್ಲ.

ಒಂದು ದಿನ ನಾನು ಹೊರಡುವಾಗ ತಡೆದಳು. ನಾಚಿಕೊಂಡು, ನೆಲ ನೋಡುತ್ತ ಕೇಳಿದಳು.

"ನಂದೂ ಒಂದು ಚೀಟಿ ಮಾಡ್ರಲಾ ಅಕ್ಕಾರ."

ನಾನು ವಿದ್ಯೆ ಕಲಿತವಳಲ್ಲವೇ, ವಿವರಿಸಲು ಹೋದೆ. ಮಕ್ಕಳು ಕೇಳುವುದು ಎದುರಿಗೆ ಇಲ್ಲದ್ದನ್ನು. ನೀವು ಯಾವಾಗಲೂ ಇಲ್ಲೇ ಇರುತ್ತೀರಿ. ಮನೆಯಲ್ಲಿ ನೆಲ ಬೇಕು ಎಂದು ಯಾರಾದರೂ ಕೇಳುತ್ತಾರಾ? ಅವಳು ತಲೆಯಾಡಿಸಿದಳು. "ಖರೇ ಐತ್ರಿ. ಆದ್ರೂ ಇರಲಿ. ಪುಸ್ತಕದಾಗ ಇರ್ತೈತಿ, ಎಂದಾರ ಒಮ್ಮೆ ಅವನ ಮನಸ್ಸಿಗೆ ಬರಬಹುದು," ಎಂದಳು.

ಫೋಟೋ ತೆಗೆಯಲು ಫೋನ್ ಹಿಡಿದರೆ, ತಡೀರಿ ಎಂದು ಪರದೆಯ ಹಿಂದೆ ಹೋಗಿ ಮದುವೆಯ ಇಳಕಲ್ ಸೀರೆ ಉಟ್ಟು, ಪೌಡರ್ ಹಚ್ಚಿಕೊಂಡು ಬಂದಳು. ನನಗೆ ಸಿಟ್ಟು ಬಂತು. "ನೀವು ದಿನಾ ಹೀಗಿರುತ್ತೀರಾ? ಅವನಿಗೆ ಗುರುತು ಸಿಗಬೇಕಲ್ಲ," ಎಂದು ಮತ್ತೆ ಹಳೆಯ ಸೀರೆಗೇ ತಿರುಗಿಸಿದೆ. ಕೊನೆಗೆ ಆಧಾರ್ ಕಾರ್ಡಿನ ಫೋಟೋಕ್ಕೆ ಕೂತವಳ ಹಾಗೆ ಸೆಟೆದು ಕೂತಳು. ಕಣ್ಣು ಮಾತ್ರ ಕ್ಯಾಮೆರಾದ ಕಡೆ ಇರಲಿಲ್ಲ, ಮುಚ್ಚಳ ತಿರುಗಿಸುತ್ತಿದ್ದ ಹುಡುಗನ ಕಡೆ ಇತ್ತು. ಅದನ್ನೇ ಚೀಟಿ ಮಾಡಿದೆ.

ಚೀಟಿಯಲ್ಲಿರುವುದು ಅವ್ವ ಎಂದು ಅವನಿಗೆ ಗೊತ್ತಿತ್ತು. ನಾನು, ಅವಳು, ಪಕ್ಕದ ಖೋಲಿಯ ಹೆಂಗಸು ಮೂವರೂ ಸಾಲಾಗಿ ಕೂತು, ಚೀಟಿಯಲ್ಲಿರುವವರಿಗೇ ಅದನ್ನು ಕೊಡುವ ಆಟ ಆಡಿಸಿದ್ದೆವು. ತಪ್ಪದೆ ಅವಳ ಮಡಿಲಿಗೇ ಹಾಕುತ್ತಿದ್ದ. ಆದರೆ ಬೇಕೆಂದು ತಾನಾಗಿ ಎಂದೂ ಅದನ್ನು ಕೀಳಲಿಲ್ಲ. ಅವಳು ನಲ್ಲಿಗೆ ನೀರಿಗೆ ಹೋಗಿ ಬೇಕೆಂದೇ ತಡ ಮಾಡಿ ಬರುತ್ತಿದ್ದಳು. ಬಾಗಿಲ ಹಿಂದೆ ಅಡಗಿ ನಿಲ್ಲುತ್ತಿದ್ದಳು. ಹುಡುಗ ಒಬ್ಬನೇ ನನ್ನ ಜೊತೆ ಆರಾಮಾಗಿ ಇರುತ್ತಿದ್ದ. "ನಾ ಇಲ್ಲಂದ್ರ ಅವಂಗೇನು ಫರಕ ಬೀಳಂಗಿಲ್ಲ ನೋಡ್ರಿ," ಎಂದು ಅವಳು ನಗಲು ನೋಡಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಪುಸ್ತಕದ ಕೊನೆಯ ಪುಟದಲ್ಲಿ ಆ ಚೀಟಿ ಹೊಸದಾಗಿಯೇ ಉಳಿಯಿತು. ಉಳಿದವುಗಳ ಮೂಲೆಗಳೆಲ್ಲ ಹುಡುಗನ ಹಲ್ಲಿಗೆ, ಜೊಲ್ಲಿಗೆ ಸಿಕ್ಕಿ ಸವೆದಿದ್ದವು.

ಮಳೆಗಾಲ ಮುಗಿಯುವ ಹೊತ್ತಿಗೆ ಚಾಳನ್ನು ಕೆಡವುತ್ತಾರೆ ಎಂಬ ಮಾತು ಖಾತ್ರಿಯಾಯಿತು. ಅಲ್ಲಿ ಟವರ್ ಬರುತ್ತದಂತೆ. ಬಾಡಿಗೆಯವರಿಗೆ ಟವರಿನಲ್ಲಿ ಜಾಗ ಎಲ್ಲಿಯದು? ಗಂಡ ಕಲ್ಯಾಣದ ಆಚೆ, ಅಂಬರನಾಥದಲ್ಲಿ ಒಂದು ರೂಮು ನೋಡಿದ. ಅಷ್ಟು ದೂರಕ್ಕೆ ಸೆಂಟರಿನವರು ಯಾರನ್ನೂ ಕಳಿಸುವುದಿಲ್ಲ. ಅದು ಸರಿಯಲ್ಲ ಎಂದು ನಾನು ಮೀಟಿಂಗಿನಲ್ಲಿ ದನಿಯೆತ್ತಿ ಮಾತಾಡಿದೆ. ಎಲ್ಲರೂ ಪಾಪ ಅನ್ನುವ ಮುಖ ಮಾಡಿ ಮುಂದಿನ ವಿಷಯಕ್ಕೆ ಹೋದರು. ಈ ಮಕ್ಕಳ ಮೊದಲ ವರ್ಷಗಳು ಎಷ್ಟು ಮುಖ್ಯ ಎಂದು ಗೋಡೆಯ ಮೇಲೆ ಬರೆದು ಹಾಕಿದ್ದೇವೆ. ಆ ವರ್ಷಗಳು ಲೋಕಲ್ ಲೈನಿನ ಯಾವ ಸ್ಟೇಷನ್ನಿನವರೆಗೆ ಎಂದು ಮಾತ್ರ ಬರೆದಿಲ್ಲ.

ಕೊನೆಯ ದಿನ ಅವಳು ಸಾಮಾನು ಕಟ್ಟುತ್ತಿದ್ದಳು. ಹುಡುಗ ಮೂಟೆಗಳ ನಡುವೆ ಕಂಗಾಲಾಗಿ, ಮತ್ತೆ ಮತ್ತೆ ಜೋಕಾಲಿಯ ಚೀಟಿ ತಂದು ಕೊಡುತ್ತಿದ್ದ. ಜೋಕಾಲಿಯ ಸೀರೆಯನ್ನು ಬಿಚ್ಚಿ ಆಗಿತ್ತು. ಅವಳು ಮೂಟೆ ಬಿಚ್ಚಿ, ಆ ಸೀರೆ ಹುಡುಕಿ ತೆಗೆದು, ಮತ್ತೆ ತೊಲೆಗೆ ಕಟ್ಟಿ ಅವನನ್ನು ಕೂರಿಸಿದಳು. ಕೆಳಗೆ ಟೆಂಪೋದವನು ಹಾರ್ನ್ ಬಾರಿಸುತ್ತಿದ್ದ. ಬಾರಿಸಲಿ ಎಂದೆ ನಾನು.

ಆಮೇಲೆ ಫೋನಿನಲ್ಲಿ ನಡೆಯಿತು. ವಿಡಿಯೋ ಕಾಲ್ ಮಾಡುತ್ತಿದ್ದಳು, ನಾನು ಹೀಗೆ ಮಾಡಿ ಹಾಗೆ ಮಾಡಿ ಎನ್ನುತ್ತಿದ್ದೆ. ನಾನಿದ್ದಾಗ ಮಾಡಿದ್ದಕ್ಕಿಂತ ಅವಳು ಒಬ್ಬಳೇ ಚೆನ್ನಾಗಿ ಮಾಡುತ್ತಿದ್ದಳು. ಹೀಗಿರುವಾಗ ಒಂದು ದಿನ, ತಂಗಿಗೆ ಕುಬಸ ಇದೆ, ಊರಿಗೆ ಹೋಗಿ ಬರಬೇಕು ಎಂದಳು. ಅವರ ಕಡೆ ಚೊಚ್ಚಲ ಬಸುರಿಗೆ ಮಾಡುವ ಸೀಮಂತಕ್ಕೆ ಕುಬಸ ಎನ್ನುತ್ತಾರೆ.

"ಇವನ ಕರಕೊಂಡು ಹೋಗಂಗಿಲ್ರಿ. ಅವ್ವ ಬ್ಯಾಡಂದಾಳ. ಬಸರ ಹೆಂಗಸು ಇಂಥಾ ಕೂಸಿನ್ನ ನೋಡಬಾರ್ದಂತ."

ಅದನ್ನು ಅವಳು ರೈಲಿನ ಟೈಮು ಹೇಳುವ ಹಾಗೆ ಹೇಳಿದಳು. ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ನಾಲಿಗೆ ತುದಿಗೆ ಬಂದ ಬೈಗುಳವನ್ನು ನುಂಗಿಕೊಂಡೆ, ಯಾಕೆಂದರೆ ಬೈಯಬೇಕಾಗಿದ್ದವಳು ಅವಳ ಹೆತ್ತ ತಾಯಿ. "ಇರ್ಲಿ ಬಿಡ್ರಿ ಅಕ್ಕಾರ," ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಹುಡುಗನನ್ನು ನೋಡಿಕೊಳ್ಳಲು ಅತ್ತೆ ಊರಿನಿಂದ ಬರುತ್ತಾಳಂತೆ. ಹೆತ್ತಾಗಿನಿಂದ ಇವಳು ಅವನನ್ನು ಒಂದು ರಾತ್ರಿಯೂ ಬಿಟ್ಟಿದ್ದವಳಲ್ಲ.

ಹೋಗಿ ಬಂದಳು. ಫೋನಿನಲ್ಲಿ ಎಲ್ಲ ಆರಾಮ ಎಂದಳು. ಕೆಲವು ವಾರಗಳ ನಂತರ ಒಂದು ಭಾನುವಾರ ನಾನು ಹುಡುಗನನ್ನು ನೋಡುವ ಆಸೆಗೆ ದಾದರಿನಲ್ಲಿ ಗಾಡಿ ಬದಲಿಸಿ ಅಂಬರನಾಥಕ್ಕೆ ಹೋದೆ. ಹೊಸ ಬಿಲ್ಡಿಂಗು, ಅರ್ಧ ಮನೆಗಳು ಖಾಲಿ, ಬಾಗಿಲುಗಳ ಮುಂದೆ ಉದ್ದದ ಗ್ಯಾಲರಿ. ಗಂಡ ಭಾನುವಾರವೂ ಕೆಲಸಕ್ಕೆ ಹೋಗಿದ್ದ. ಅತ್ತೆ ಇನ್ನೂ ಊರಿಗೆ ಹೋಗಿರಲಿಲ್ಲ. ದೊಡ್ಡ ಕುಂಕುಮದ, ಒಳ್ಳೆಯ ನಗುವಿನ ಹೆಂಗಸು. ಮೊಮ್ಮಗನನ್ನು ತೊಡೆಗೆ ಒರಗಿಸಿಕೊಂಡು ಬೆನ್ನು ನೀವುತ್ತಿದ್ದಳು, ಅವನೂ ಬಿಟ್ಟುಕೊಂಡಿದ್ದ. ಮೈ ಮುಟ್ಟಿಸಿಕೊಳ್ಳದ ಹುಡುಗ ಅವನು. ನನಗೆ ಆಕೆಯ ಮೇಲೆ ಗೌರವ ಬಂತು.

ಅಭ್ಯಾಸ ಬಲ, ಕೂತ ಕೂಡಲೇ ಪುಸ್ತಕ ತಿರುವಿ ನೋಡಿದೆ. ಕೊನೆಯ ಪುಟ ಖಾಲಿ ಇತ್ತು, ವೆಲ್ಕ್ರೋ ಪಟ್ಟಿ ಮಾತ್ರ ಇತ್ತು. "ಅವ್ವನ ಚೀಟಿ ಎಲ್ಲಿ?" ಎಂದೆ. ಅವಳು ಚಹಾಕ್ಕೆ ಇಡುತ್ತಿದ್ದವಳು ಅಲ್ಲಿಂದಲೇ, "ಎಲ್ಲೋ ಬಿದ್ದೈತ್ರಿ, ಹುಡಕಾಕ ಹತ್ತೀನಿ, ಸಿಗವಲ್ದು," ಎಂದಳು.

ಅಜ್ಜಿ ಉತ್ಸಾಹದಿಂದ ಎದ್ದಳು. "ಅಯ್ಯ, ಅದು ಬಿದ್ದಿಲ್ಲ ಬಿಡವಾ. ನಾ ಜಗಲಿ ಮ್ಯಾಲ ಇಟ್ಟೀನಿ."

ಅವರ ಕಡೆ ಜಗಲಿ ಎಂದರೆ ಮನೆಯೊಳಗೆ ದೇವರನ್ನು ಇಡುವ ಜಾಗ. ಆ ಮನೆಯಲ್ಲಿ ಅದು ಗೋಡೆಗೆ ಹೊಡೆದ ಒಂದು ಹಲಗೆ. ಅಜ್ಜಿ ದೇವರ ಫೋಟೋದ ಹಿಂದಿನಿಂದ ಚೀಟಿಯನ್ನು ತೆಗೆದು ನನ್ನ ಕೈಯಲ್ಲಿಟ್ಟಳು. ಫೋಟೋದಲ್ಲಿ ಅವಳ ಹಣೆಯ ಮೇಲೆ, ಪ್ಲಾಸ್ಟಿಕ್ಕಿನ ಮೇಲೆ, ಒತ್ತಿ ಹಚ್ಚಿದ ಕುಂಕುಮ ಇತ್ತು.

"ಈಕಿ ಊರಿಗೆ ಹೋದ ಮರುದಿನ ನೋಡ್ರಿ," ಅಜ್ಜಿ ಹೇಳತೊಡಗಿದಳು, "ಕೂಸು ಇದನ್ನ ಕಿತ್ತಕೊಂಡು ಬಂದು ನನ್ನ ಕೈಯಾಗ ಕೊಡ್ತು. ನಾ ಮತ್ತ ಪುಸ್ತಕದಾಗ ಹಚ್ಚಿದೆ. ಮತ್ತ ತಂತು. ಹಚ್ಚಿದಂಗೆಲ್ಲಾ ತರತಿತ್ತು, ಪಾಪ. ಬಿಸ್ಕೀಟ ಕೊಟ್ಟೆ, ಒಗೀತು. ನೀರು ಕೊಟ್ಟೆ, ಕುಡೀಲಿಲ್ಲ. ಸಂಜೀತನಕ ಇದ ಆಟ. ಆಮ್ಯಾಲ ನಂಗ ತಿಳೀತು, ಅವ್ವನ ಫೋಟೋ ಕಾಲಾಗ ಬೀಳಬಾರ್ದಂತ ನನ್ನ ಕೈಯಾಗ ಕೊಡಾಕತ್ತೈತಿ. ಎಷ್ಟು ತಿಳುವಳಿಕಿ ಐತಿ ನೋಡ್ರಿ ಕೂಸಿಗೆ! ದೂರ ಹೋದಾಕಿ, ದೇವರು ಕಾಯಲಿ ಅಂತ ಕುಂಕುಮ ಹಚ್ಚಿ ಜಗಲಿ ಮ್ಯಾಲ ಇಟ್ಟೆ. ಹೂ ಏರಿಸಲಿಲ್ಲ ಮತ್ತ. ಜೀವಂತ ಇದ್ದವ್ರ ಫೋಟೋಕ್ಕ ಹೂ ಏರಿಸಬಾರ್ದು."

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವಳು ಗ್ಯಾಸ್ ಆರಿಸಲಿಲ್ಲ. ನಾನೇ ಎದ್ದು ಹೋಗಿ ಆರಿಸಿದೆ.

"ಆಮ್ಯಾಲ?" ಎಂದು ಕೇಳಿದಳು, ಅತ್ತೆಯನ್ನು.

"ಆಮ್ಯಾಲೇನು, ಜಗಲಿ ಕಡೆ ನೋಡಿಕೋತ ಭಾಳ ಹೊತ್ತು ಕುಂತಿತ್ತು. ಅಲ್ಲೇ ಮಲಗಿತು."

ಅಜ್ಜಿಯ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನಾನು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ. ತನಗೆ ತಿಳಿದ ಅತಿ ಒಳ್ಳೆಯ ಜಾಗದಲ್ಲಿ ಆಕೆ ಸೊಸೆಯನ್ನು ಇಟ್ಟಿದ್ದಳು. ಸಿಟ್ಟಿಗೆ ಯಾರೂ ಸಿಗದಿದ್ದರೆ ಅದು ಎದೆಯಲ್ಲೇ ಉಳಿಯುತ್ತದೆ. ಇವತ್ತಿಗೂ ಉಳಿದಿದೆ. ಅಜ್ಜಿಗೆ ಆ ಚೀಟಿಯ ಅರ್ಥ ತಿಳಿಸೋಣವೇ ಎಂದು ಅವಳ ಮುಖ ನೋಡಿದೆ. ಬೇಡ ಎಂದು ಕಣ್ಣಲ್ಲೇ ಹೇಳಿದಳು. ಅಜ್ಜಿ ಪಕ್ಕದ ಮನೆಯವರು ಕರೆದರೆಂದು ಹೊರಗೆ ಹೋದ ಮೇಲೆಯೇ ಅವಳು ಬಾಯಿ ಬಿಟ್ಟದ್ದು.

"ಎಲ್ಲಾ ಚೀಟಿ ಹೇಳಿಕೊಟ್ಟು ಹೋಗಿದ್ದೆ ಅಕ್ಕಾರ. ಬಿಸ್ಕೀಟ, ನೀರು, ಜೋಕಾಲಿ, ಎಲ್ಲಾ. ಇದನ್ನೊಂದು ಹೇಳಲಿಲ್ಲ. ಇವ ಎಂದೂ ಇದನ್ನ ತಗದಿದ್ದೇ ಇಲ್ಲಲ್ರಿ. ತಗೀತಾನ ಅಂತ ನನಗ ಹ್ಯಾಂಗ ಗೊತ್ತಾಗಬೇಕು?"

ಅಜ್ಜಿ ವಿಡಿಯೋ ಫೋನ್ ಹಚ್ಚಿ ನಿಮ್ಮ ಮುಖ ತೋರಿಸಿದ್ದರೂ ಸಾಕಿತ್ತು ಎಂಬ ಮಾತು ನನ್ನ ಬಾಯಲ್ಲಿತ್ತು. ಅದನ್ನು ಅಲ್ಲೇ ಇಟ್ಟುಕೊಂಡೆ. ಅವಳು ಅಳಲಿಲ್ಲ. "ಕರದಾನ," ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಸಂಜೀತನಕ ಕರದಾನ. ನಾ ಅಲ್ಲಿ ತಂಗಿಗೆ ಕೈತುಂಬ ಬಳಿ ಇಡಸಾಕತ್ತಿದ್ದೆ."

ನನಗೆ ಗೊತ್ತಿದ್ದ ಇನ್ನೊಂದು ವಿಷಯ ಅವಳಿಗೂ ಗೊತ್ತಿತ್ತು. ನಾನೇ ಕಲಿಸಿದ್ದೆನಲ್ಲ, ಬಾಯಿ ನೋಯುವಷ್ಟು. ಕೊಟ್ಟ ಚೀಟಿಗೆ ಏನೂ ಸಿಗದಿದ್ದರೆ ಮಗು ಬಿಟ್ಟುಬಿಡುತ್ತದೆ.

ಅವಳು ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕುಂಕುಮ ಒರೆಸಿಬಿಡಿ, ಅವನಿಗೆ ಗುರುತು ಸಿಗಲಿ ಎಂದೆ. "ಒರಸಬಾರ್ದ್ರಿ," ಎಂದು ಹಾಗೆಯೇ ಪುಸ್ತಕದ ಮೊದಲ ಪುಟದಲ್ಲಿ, ಬಿಸ್ಕತ್ತಿನ ಪಕ್ಕದಲ್ಲಿ ಅಂಟಿಸಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ಎದ್ದಳು.

"ನೀವು ಅದೀರಲ್ಲ ಅಕ್ಕಾರ, ಇನ್ನೊಮ್ಮೆ ನೋಡೂಣು. ನಾ ಹೊರಗ ನಿಂದರ್ತೀನಿ."

ಇದು ಹೀಗೆ ಆಗುವಂಥದ್ದಲ್ಲ. ಕುರ್ಲಾದಲ್ಲಿ ಎಷ್ಟೋ ಸಲ ನೋಡಿದ್ದೆವು, ಸ್ವಲ್ಪ ಹೊತ್ತು ಅವಳು ಕಾಣದಿದ್ದರೆ ಅವನು ಕೇಳುವುದಿಲ್ಲ. ಈಗಂತೂ ಒಮ್ಮೆ ಕೇಳಿ ಸೋತಿದ್ದಾನೆ. ಇದೆಲ್ಲ ನನಗೆ ಗೊತ್ತಿತ್ತು. ಹ್ಞೂಂ ಅಂದೆ.

ಅವಳು ಬಾಗಿಲು ಎಳೆದುಕೊಂಡು ಹೋದಳು. ಬಾಗಿಲ ಸಂದಿಯಲ್ಲಿ ಅವಳ ಪಾದದ ನೆರಳು ಕಾಣುತ್ತಿತ್ತು. ಹುಡುಗ ಮುಚ್ಚಳ ತಿರುಗಿಸುತ್ತಿದ್ದ. ನಾನು ಪುಸ್ತಕವನ್ನು ಅವನ ಮುಂದೆ ತೆರೆದಿಟ್ಟು ಸುಮ್ಮನೆ ಕೂತೆ. ಅವನ ಬೆನ್ನ ಹಿಂದೆ ಸರಿದು, ಆ ಪುಟ್ಟ ಕೈ ಹಿಡಿದು, ಅವ್ವನ ಚೀಟಿಯ ಮೇಲೆ ಇಟ್ಟುಬಿಡಬಹುದಿತ್ತು. ಅವಳಿಗೆ ಗೊತ್ತಾಗುತ್ತಿರಲಿಲ್ಲ. ನನ್ನ ಕೈ ಎರಡು ಸಲ ಎದ್ದಿತು. ಅವಳು ಬೇಡಿದ್ದು ಅವನ ಕೈಯಿಂದ, ನನ್ನ ಕೈಯಿಂದ ಅಲ್ಲ. ಎರಡು ಸಲವೂ ಕೈಯನ್ನು ಮಡಿಲಿಗೆ ತಂದುಕೊಂಡೆ.

ಮುಚ್ಚಳ ಸೋತು ಮಲಗಿತು. ಅವನು ಅದನ್ನು ಮತ್ತೆ ಎತ್ತಲಿಲ್ಲ. ಪುಸ್ತಕದ ಹತ್ತಿರ ಜರುಗಿ ಬಂದ. ಮೊದಲ ಪುಟದ ಮೇಲೆ ಬೆರಳು ಆಡಿಸಿದ, ಕುಂಕುಮದ ಹತ್ತಿರ ಬೆರಳು ಒಂದು ಚಣ ನಿಂತ ಹಾಗೆ ನನಗೆ ಕಂಡಿತು. ಆಮೇಲೆ ಚರ್ರ್ ಎಂದು ಕಿತ್ತು ನನ್ನ ಅಂಗೈಯಲ್ಲಿಟ್ಟ.

ಬಾಗಿಲ ಕೆಳಗಿನ ನೆರಳು ಅಲುಗಿತು. ಆ ಸದ್ದನ್ನು ಅವಳು ಯಾವ ಗದ್ದಲದಲ್ಲೂ ಗುರುತು ಹಿಡಿಯುವವಳು.

"ಯಾವುದ್ರಿ?" ಎಂದು ಹೊರಗಿನಿಂದ ಕೇಳಿದಳು. "ಅಕ್ಕಾರ, ಯಾವ ಚೀಟಿ ಕೊಟ್ಟಾನ್ರಿ?"

ನಾನು ಅಂಗೈ ನೋಡಿದೆ. ಚೀಟಿಯ ಮೇಲೆ ಕುಂಕುಮ ಇರಲಿಲ್ಲ.

"ಬಿಸ್ಕತ್ತು," ಎಂದೆ.

ದೂರದಲ್ಲಿ ಕರ್ಜತ್ ಕಡೆಯ ಗಾಡಿಯೊಂದು ಹೋಯಿತು. ಹುಡುಗ ನನ್ನ ಅಂಗೈಯ ಚೀಟಿಯನ್ನು ಬೆರಳಿನಿಂದ ತಟ್ಟಿದ.

"ಕೊಡ್ರಿ ಅಕ್ಕಾರ, ಲಗೂನ ಕೊಡ್ರಿ," ಎಂದಳು ಬಾಗಿಲ ಹಿಂದಿನಿಂದ. "ಕಾಯಿಸಬ್ಯಾಡ್ರಿ."

ನಾನು ಡಬ್ಬಿಯಿಂದ ಬಿಸ್ಕತ್ತು ತೆಗೆದು ಕೊಟ್ಟೆ. ಅವಳು ಇನ್ನೂ ಸ್ವಲ್ಪ ಹೊತ್ತು ಹೊರಗೇ ನಿಂತಿದ್ದಳು.